ಘಾಟಿಯಲ್ಲಿ ಕುದಿಯುತ್ತಿದ್ದ ಜೀಪು ಮತ್ತು ಬೋರ್ಡಿಲ್ಲದ ರೇಡಿಯೇಟರ್ ಅಂಗಡಿ

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಟೈರ್ ಅಂಗಡಿಗೂ ಟೀ ಅಂಗಡಿಗೂ ನಡುವೆ, ಒಂದು ರೇಡಿಯೇಟರ್ ಅಂಗಡಿಯಿದೆ. ಅದಕ್ಕೆ ಬೋರ್ಡಿಲ್ಲ, ಗೋಡೆಗೆ ಒರಗಿಸಿಟ್ಟ ಲಾರಿ ರೇಡಿಯೇಟರುಗಳೇ ಅದರ ಗುರುತು. ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಜೀಪನ್ನು ನಾಲ್ಕು ದಿನ ಅಲ್ಲಿ ಬಿಟ್ಟಿದ್ದೆ. ಎಂಜಿನ್ ಬದಲಿಸಿದ ದಿನದಿಂದ ಏಳು ತಿಂಗಳ ಕಾಲ ಘಾಟಿ ಹತ್ತುವಾಗಲೆಲ್ಲ ಕುದಿಯುತ್ತಿದ್ದ ಗಾಡಿ, ಅಲ್ಲಿಂದ ಹೊರಬಂದ ಮೇಲೆ ಒಂದು ಮಳೆಗಾಲವನ್ನೂ ಒಂದು ಕಾಫಿ ಕೊಯ್ಲನ್ನೂ ಮುಗಿಸಿದೆ, ಒಮ್ಮೆಯೂ ಕುದಿದಿಲ್ಲ. ಅಂಗಡಿಯ ಮೇಸ್ತ್ರಿಗೆ ತಮ್ಮ ಹೆಸರು ಎಲ್ಲೂ ಬರುವುದು ಬೇಡವಂತೆ, ಈಗಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಅವರ ಮಾತಿಗೆ ಕಟ್ಟುಬಿದ್ದು ಹೆಸರನ್ನು ಬಿಟ್ಟು, ಅವರು ಮಾಡಿದ ಕೆಲಸವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಎಂಜಿನ್ ಬದಲಿಸಿಕೊಂಡು ನನ್ನಂತೆಯೇ ಕೈ ಸುಟ್ಟುಕೊಂಡವರು ಮಲೆನಾಡಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆಂದು ನನಗೆ ಗೊತ್ತು.

ಗಾಡಿ 1992ರ ಮಹೀಂದ್ರ ಎಂಎಂ 540. ಅದರ ಮೂಲ ಎಂಜಿನ್ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಒಳಅಗಲ) ಎಂಬುದನ್ನೇ ಆ ಹೆಸರು ಹೇಳುತ್ತದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 83 ಮಿ.ಮೀ., ಒಟ್ಟು 2112 ಸಿಸಿ. ಮೂವತ್ತು ವರ್ಷ ತೋಟದ ಗೊಬ್ಬರ, ಕಾಫಿ ಮೂಟೆ, ಆಳುಕಾಳು ಎಲ್ಲವನ್ನೂ ಹೊತ್ತ ಆ ಎಂಜಿನ್ ಕೊನೆಗೆ ಡೀಸೆಲ್ಲಿಗಿಂತ ಎಂಜಿನ್ ಆಯಿಲನ್ನೇ ಹೆಚ್ಚು ಕುಡಿಯತೊಡಗಿತು. ಅದರ ಬಿಡಿಭಾಗ ಹುಡುಕಿ ಅಲೆದು ಸಾಕಾಗಿ, ಬೊಲೆರೊ ಪಿಕಪ್‌ನಿಂದ ಬಿಚ್ಚಿದ 2523 ಸಿಸಿಯ ಎಂಡಿಐ ಎಂಜಿನ್ ಕೂರಿಸಲು ನಿರ್ಧರಿಸಿದೆ. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಸಂತತಿಯ ಈ ಎಂಜಿನ್‌ನ ಅಳತೆಗಳು ಇಂದಿಗೂ ಇಂಚಿನ ಲೆಕ್ಕದವು: ಮೂರೂವರೆ ಇಂಚು ಬೋರ್, ನಾಲ್ಕು ಇಂಚು ಸ್ಟ್ರೋಕ್, ಅಂದರೆ 88.9 ಮತ್ತು 101.6 ಮಿ.ಮೀ. ಪಿಸ್ಟನ್ನಿನ ಅಗಲ ಹಳೆಯದಕ್ಕಿಂತ ಒಂದು ಕೂದಲೆಳೆ ಕಡಿಮೆ, ಆದರೆ ಅದು ಓಡಾಡುವ ದೂರ 18.6 ಮಿ.ಮೀ. ಹೆಚ್ಚು. ಸ್ಟ್ರೋಕ್ ಉದ್ದವಾದರೆ ಎಂಜಿನ್ ಎತ್ತರವಾಗುತ್ತದೆ. ನನ್ನ ಏಳು ತಿಂಗಳ ಗೋಳಿನ ಅರ್ಧ ಪಾಲು ಈ ಎತ್ತರದಲ್ಲಿಯೇ ಅಡಗಿತ್ತು ಎಂಬುದು ಆಗ ನನಗಾಗಲಿ, ಎಂಜಿನ್ ಕೂರಿಸಿದ ಗ್ಯಾರೇಜಿನವರಿಗಾಗಲಿ ಹೊಳೆಯಲಿಲ್ಲ.

ಆ ಗ್ಯಾರೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೆಲ್ಡಿಂಗ್ ಅಚ್ಚುಕಟ್ಟಾಗಿತ್ತು, ಗೇರ್‌ಬಾಕ್ಸ್ ಜೋಡಣೆಯಲ್ಲಿ ಇಂದಿಗೂ ಒಂದು ಸದ್ದಿಲ್ಲ. ಅವರು ಸೋತದ್ದು ನೀರಿನ ವಿಷಯದಲ್ಲಿ. ಮೊದಲ ಸಲ ಶಿರಾಡಿ ಘಾಟಿಯಲ್ಲಿ ಗಾಡಿ ಕುದಿದಾಗ ನೀರು ಹದಕ್ಕೆ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟನ್ನು ಕಿತ್ತೆಸೆದರು. "ನಮ್ಮ ಹವೆಗೆ ಅದೆಲ್ಲ ಬೇಡ ಸಾರ್" ಎಂಬುದು ಅವರ ಸಮಜಾಯಿಷಿ. ಎರಡನೆಯ ಸಲ ನೀರಿನ ಪಂಪು ಬದಲಾಯಿತು. ಮೂರನೆಯ ಸಲ ರೇಡಿಯೇಟರಿನ ಮುಂದೆ ಒಂದು ವಿದ್ಯುತ್ ಫ್ಯಾನ್ ಕಟ್ಟಿದರು. ನಾಲ್ಕನೆಯ ಸಲ ಹೋದಾಗ ಹದಿನಾಲ್ಕು ಸಾವಿರ ರೂಪಾಯಿಯ ಅಲ್ಯೂಮಿನಿಯಂ ರೇಡಿಯೇಟರ್ ತರಿಸೋಣ ಎಂದರು. ಅಷ್ಟರಲ್ಲಿ ಈ ರಿಪೇರಿಗಳಿಗೆಂದೇ ಹತ್ತೊಂಬತ್ತು ಸಾವಿರ ಕೈಬಿಟ್ಟಿತ್ತು, ಬಿಸಿಯಾದ ಮುಚ್ಚಳ ತೆರೆಯಲು ಹೋಗಿ ನನ್ನ ಮುಂಗೈಯ ಮೇಲೊಂದು ಗುಳ್ಳೆಯೂ ಎದ್ದಿತ್ತು. ಇಷ್ಟೆಲ್ಲ ಬದಲಿಸುವಾಗಲೂ ಯಾರೊಬ್ಬರೂ ಎಲ್ಲಿ ಎಷ್ಟು ಬಿಸಿಯಾಗುತ್ತಿದೆ ಎಂದು ಅಳೆದು ನೋಡಿರಲಿಲ್ಲ.

ಹಾಸನದ ಮೇಸ್ತ್ರಿ ಅರವತ್ತರ ಆಸುಪಾಸಿನವರು. ಬೆಳಿಗ್ಗೆ ಎಂಟೂವರೆಗೆ ಗಾಡಿ ನಿಲ್ಲಿಸಿದಾಗ ಅವರು ಬಾನೆಟ್ ತೆರೆಯಲಿಲ್ಲ. ಟೀ ತರಿಸಿ, ಸ್ಟೂಲಿನ ಮೇಲೆ ಕೂತು, "ಯಾವಾಗ ಕಾಯುತ್ತದೆ?" ಎಂದು ಕೇಳಿದರು. ಘಾಟಿಯಲ್ಲಿ ಎಂದೆ. ಅಷ್ಟು ಸಾಲದಾಯಿತು. ನಿಂತಲ್ಲೇ ಓಡಿಸಿದರೆ ಕಾಯುತ್ತದೆಯೇ, ಚೆನ್ನರಾಯಪಟ್ಟಣದ ಕಡೆಗೆ ಅರವತ್ತರ ವೇಗದಲ್ಲಿ ಒಂದು ಗಂಟೆ ಹೋದರೆ ಕಾಯುತ್ತದೆಯೇ, ಘಾಟಿಯಲ್ಲಿ ಎಷ್ಟನೇ ಗೇರಿನಲ್ಲಿದ್ದಾಗ ಶುರುವಾಗುತ್ತದೆ, ಗಾಳಿ ಎದುರಿಗಿದ್ದಾಗಲೋ ಬೆನ್ನಿಗಿದ್ದಾಗಲೋ, ನಿಲ್ಲಿಸಿದ ಮೇಲೆ ಕುದಿಯುತ್ತದೆಯೋ ಓಡುತ್ತಿರುವಾಗಲೇ ಕುದಿಯುತ್ತದೆಯೋ ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಈ ಪ್ರಶ್ನೆಗಳ ಹಿಂದಿನ ಲೆಕ್ಕ ನನಗೆ ಆಮೇಲೆ ತಿಳಿಯಿತು. ಗಾಡಿ ವೇಗವಾಗಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರಿನೊಳಗೆ ನುಗ್ಗುವುದರಿಂದ ಫ್ಯಾನಿನ ದೋಷ ಮುಚ್ಚಿಹೋಗುತ್ತದೆ. ಆಗಲೂ ಬಿಸಿಯೇರಿದರೆ ನೀರಿನ ಹರಿವಿನ ಕಡೆಗೋ ಕೋರ್ (ರೇಡಿಯೇಟರಿನ ನಡುವಿನ ನಾಳಗಳ ಜಾಲರಿ) ಕಟ್ಟಿಕೊಂಡಿರುವ ಕಡೆಗೋ ಅನುಮಾನ ಪಡಬೇಕು. ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಮಾತ್ರ ಬಿಸಿಯೇರಿದರೆ ಗಾಳಿಯ ಕಡೆಗೆ ನೋಡಬೇಕು. ಡೀಸೆಲ್ ಎಂಜಿನ್ ಸುಮ್ಮನೆ ಉರಿಯುವಾಗ ಹುಟ್ಟಿಸುವ ಶಾಖ ಬಹಳ ಕಡಿಮೆಯಾದ್ದರಿಂದ ನಿಂತಲ್ಲಿ ಕಾಯಲಿಲ್ಲ ಎಂದ ಮಾತ್ರಕ್ಕೆ ಫ್ಯಾನ್ ಸರಿಯಿದೆ ಎಂದು ಹೇಳುವಂತಿಲ್ಲ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗಲಂತೂ ಎಂಜಿನ್ ಮೈಮುರಿದು ದುಡಿಯುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ, ಪಂಪು ಜೋರಾಗಿ ತಿರುಗುತ್ತಿರುತ್ತದೆ. ಗಾಳಿಯ ದೋಷ, ನೀರಿನ ದೋಷ ಎರಡೂ ಒಟ್ಟಿಗೆ ಹೊರಬೀಳುವುದು ಅಲ್ಲಿಯೇ.

ಕೇಳಿದ್ದಾದ ಮೇಲೆ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟರು. ಕೈಯಲ್ಲಿ ಕೆಂಪು ಚುಕ್ಕೆ ಬೀಳಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇತ್ತು. ಅದನ್ನು ಹಿಡಿಯುವ ಮೊದಲು ಅವರು ಮಾಡಿದ ಕೆಲಸವೇ ಅವರ ಮೇಲೆ ನನಗೆ ನಂಬಿಕೆ ಹುಟ್ಟಿಸಿದ್ದು: ಥರ್ಮೋಸ್ಟ್ಯಾಟ್ ಮನೆಯ ಹೊಳೆಯುವ ಲೋಹದ ಮೇಲೆ ಹೆಬ್ಬೆರಳಿನಷ್ಟು ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದರು. ಹೊಳೆಯುವ ಲೋಹದತ್ತ ಗುರಿಯಿಟ್ಟರೆ ಆ ಉಪಕರಣ ಇರುವುದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ, ಕಪ್ಪು ಟೇಪಿನ ಮೇಲೆ ಹಿಡಿದರೆ ಸರಿಯಾದ ಅಂಕಿ ಸಿಗುತ್ತದೆ. ಟೇಪಿನ ಮೇಲೆ 88 ಡಿಗ್ರಿ ಬಂತು. ಅದೇ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳು ಕೆಂಪು ಗೆರೆಗೆ ಎರಡು ಬೆರಳು ಹಿಂದೆ ನಿಂತಿತ್ತು.

ಮುಳ್ಳು ಸುಳ್ಳು ಹೇಳುತ್ತಿತ್ತು. ಹಳೆಯ ಎಂಜಿನ್ನಿಗೆ ಹೊಂದುವ ಮೀಟರು, ಹೊಸ ಎಂಜಿನ್ ಜೊತೆ ಬಂದ, ಬಿಸಿಯನ್ನು ಅಳೆದು ಮೀಟರಿಗೆ ತಿಳಿಸುವ ಸೆಂಡರು. ಎರಡರ ವಿದ್ಯುತ್ ತಡೆಯ (ರೆಸಿಸ್ಟೆನ್ಸ್) ಲೆಕ್ಕವೇ ಬೇರೆಯಾದಾಗ ಮುಳ್ಳು ಎಲ್ಲಿ ನಿಂತರೂ ಅದಕ್ಕೆ ಅರ್ಥವಿಲ್ಲ. ಎಂಜಿನ್ ಬದಲಿಸಿದವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಏಳು ತಿಂಗಳು ನಾನು ಆ ಮುಳ್ಳನ್ನು ನೋಡಿ ನೋಡಿ ಎದೆ ಹಿಡಿದುಕೊಂಡು ಗಾಡಿ ಓಡಿಸಿದ್ದೆ. ಅದರಲ್ಲಿ ಎಷ್ಟೋ ಸಲ ಎಂಜಿನ್ ತಣ್ಣಗೇ ಇದ್ದಿರಬೇಕು. ಹಾಗೆಂದು ಕುದಿಯುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಮುಚ್ಚಳದ ಸಂದಿಯಿಂದ ಹಬೆ ಬಂದದ್ದನ್ನೂ, ದೋಣಿಗಾಲ್‌ನಲ್ಲಿ ನಿಲ್ಲಿಸಿ ಆರು ಬಾಟಲಿ ನೀರು ಸುರಿದದ್ದನ್ನೂ ನಾನೇ ಕಣ್ಣಾರೆ ಕಂಡವನು. ಮೇಸ್ತ್ರಿ ಆ ದಿನವೇ ಹಳೆಯ ಮೀಟರಿನ ಆಸೆ ಬಿಟ್ಟು, ತಂತಿಯ ಗೊಡವೆಯೇ ಇಲ್ಲದ, ತೆಳುವಾದ ತಾಮ್ರದ ನಳಿಕೆಯ ಮೆಕ್ಯಾನಿಕಲ್ ಮೀಟರ್ ಹಾಕಿಸಿದರು. ಅದರಲ್ಲಿ ಬಣ್ಣಗಳ ಬದಲು ಅಂಕಿಗಳಿವೆ.

ಮುಂದಿನದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೈಗೂ ಅದರ ತಲೆಭಾಗವಾದ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಪದರ. ಕುದಿಯುವ ಗಾಡಿ ಬಂದರೆ ಹೆಚ್ಚಿನವರು ಮೊದಲು ಬಾಯಿಬಿಡುವುದೇ ಈ ಹೆಸರನ್ನು, ಏಕೆಂದರೆ ಅದರಲ್ಲಿ ಕೂಲಿ ಜಾಸ್ತಿ. ಇವರು ರೇಡಿಯೇಟರಿನ ಬಾಯಿಗೆ ಕೈಪಂಪು ಜೋಡಿಸಿ ಒತ್ತಡ ಏರಿಸಿ, ಕಾಲು ಗಂಟೆ ಮುಳ್ಳು ಇಳಿಯುತ್ತದೆಯೇ ಎಂದು ನೋಡಿದರು. ಇಳಿಯಲಿಲ್ಲ. ತಣ್ಣಗಿನ ಎಂಜಿನ್‌ನಲ್ಲಿ ಬಾಯಿ ತೆರೆದಿಟ್ಟು ಚಾಲೂ ಮಾಡಿ ಗುಳ್ಳೆಗಳು ಬಿಡದೆ ಏಳುತ್ತವೆಯೇ ಎಂದು ನೋಡಿದರು. ಮೊದಲು ನಾಲ್ಕಾರು ಎದ್ದು ನಿಂತುಹೋದವು. ಆಯಿಲ್ ಕಡ್ಡಿಯಲ್ಲಿ ನೀರು ಬೆರೆತ ಹಾಲುಬಣ್ಣವಿಲ್ಲ. ಗ್ಯಾಸ್ಕೆಟ್ ಚೆನ್ನಾಗಿದೆ ಎಂದು ಅಲ್ಲಿಗೇ ಬಿಟ್ಟರು.

ಆದರೆ ಆ ನಾಲ್ಕಾರು ಗುಳ್ಳೆಗಳನ್ನು ಅವರು ಬಿಡಲಿಲ್ಲ. ನೆಲದ ಮೇಲೆ ಮಟ್ಟಸವಾಗಿ ನಿಂತ ಗಾಡಿಯಲ್ಲಿ ರೇಡಿಯೇಟರಿನ ಬಾಯಿಗೂ ಥರ್ಮೋಸ್ಟ್ಯಾಟ್ ಮನೆಗೂ ಒಂದು ಪಾರದರ್ಶಕ ನಳಿಕೆ ಹಿಡಿದು, ಮನೆ ಕಟ್ಟುವವರು ನೀರುಮಟ್ಟ ನೋಡುವ ಹಾಗೆ ನೋಡಿದರು. ಎಂಜಿನ್‌ನ ಕಡೆಯೇ ಮುಕ್ಕಾಲು ಇಂಚು ಎತ್ತರವಿತ್ತು. ಉದ್ದ ಸ್ಟ್ರೋಕಿನ ಎತ್ತರದ ಎಂಜಿನ್ನನ್ನು ಹಳೆಯ ಬಾನೆಟ್ಟಿನಡಿ ತೂರಿಸಲು ಗ್ಯಾರೇಜಿನವರು ಅದನ್ನು ಹಿಂದಕ್ಕೆ ಸರಿಸಿ ಆದಷ್ಟು ತಗ್ಗಿಸಿದ್ದರೂ ತಲೆ ರೇಡಿಯೇಟರಿಗಿಂತ ಮೇಲೆಯೇ ಉಳಿದಿತ್ತು. ಮೇಲಿನ ಹೋಸ್ ಪೈಪು ಒಂಟೆಯ ಬೆನ್ನಿನಂತೆ ಡುಬ್ಬವೆದ್ದು ಇಳಿದಿತ್ತು. ರೇಡಿಯೇಟರಿನ ಬಾಯಿ ತುಂಬಿ ತುಳುಕುವವರೆಗೆ ನೀರು ಸುರಿದರೂ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಉಳಿಯುತ್ತಿತ್ತು. ಅದು ಹೋಗಲು ದಾರಿಯೇ ಇರಲಿಲ್ಲ. ನೀರು ಮುಟ್ಟದ ಲೋಹ ಬೇಗ ಕಾಯುತ್ತದೆ, ಅಲ್ಲೇ ಹಬೆ ಹುಟ್ಟುತ್ತದೆ, ಹಬೆ ಇನ್ನಷ್ಟು ನೀರನ್ನು ಹೊರದೂಡುತ್ತದೆ. ಪ್ರತಿ ಸಲ ಕುದಿದ ಮೇಲೆ ನಾನು ಹೊಸದಾಗಿ ನೀರು ತುಂಬಿಸಿ, ಹೊಸದಾಗಿ ಗಾಳಿಯನ್ನೂ ತುಂಬಿಸುತ್ತಿದ್ದೆ ಎಂದಾಯಿತು.

ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮುಂದಿನ ಅರ್ಧ ಗಂಟೆಯ ಸಂಗತಿ. ಮೇಸ್ತ್ರಿ ತಮ್ಮ ಹುಡುಗನನ್ನು ಸೀಟಿನಲ್ಲಿ ಕೂರಿಸಿ, ನನ್ನನ್ನು ಕರೆದು, ಎಂಜಿನ್ನಿನ ಎಡಗಡೆ ಬಗ್ಗಿ ಕೆಳಗಿನ ಹೋಸ್ ಪೈಪನ್ನು ನೋಡುತ್ತಿರಿ ಎಂದರು. ರೇಡಿಯೇಟರಿನ ತಳದಿಂದ ಪಂಪಿಗೆ ತಣಿದ ನೀರು ಬರುವುದು ಆ ಪೈಪಿನಲ್ಲಿ. ಹುಡುಗ ಆಕ್ಸಿಲರೇಟರ್ ಒತ್ತಿದ. ಸದ್ದು ಏರುತ್ತಾ ಹೋದಂತೆ, ದುಂಡಗಿದ್ದ ಪೈಪು ನನ್ನ ಕಣ್ಣೆದುರಿಗೇ ನಡುವೆ ಚಪ್ಪಟೆಯಾಯಿತು. ಯಾರೋ ಎರಡು ಬೆರಳುಗಳಿಂದ ಹಿಸುಕಿ ಹಿಡಿದಂತೆ. ಆಕ್ಸಿಲರೇಟರ್ ಬಿಟ್ಟೊಡನೆ ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. ಮತ್ತೆ ಒತ್ತಿದರೆ ಮತ್ತೆ ಚಪ್ಪಟೆ. ಹೊಸ ಎಂಜಿನ್ನಿನ ಪಂಪಿನ ಬಾಯಿಗೂ ಹಳೆಯ ರೇಡಿಯೇಟರಿನ ಬಾಯಿಗೂ ಹೊಂದುವ ಅಚ್ಚಿನ ಪೈಪು ಸಿಗದೆ, ನೇರ ಪೈಪೊಂದನ್ನು ಕತ್ತರಿಸಿ ಬಲವಂತವಾಗಿ ಬಗ್ಗಿಸಿ ಕೂರಿಸಿದ್ದರು. ಒಳಗೆ ಸ್ಪ್ರಿಂಗ್ ಇರಲಿಲ್ಲ. ಪಂಪು ನೀರನ್ನು ಹೀರುವ ಕಡೆಯ ಪೈಪು ಇದು. ವೇಗ ಹೆಚ್ಚಿದಷ್ಟೂ ಹೀರುವ ಬಲ ಹೆಚ್ಚುತ್ತದೆ, ಬಿಸಿಗೆ ರಬ್ಬರು ಮೆತ್ತಗಾಗಿರುತ್ತದೆ. ಎಂಜಿನ್ನಿಗೆ ಅತಿ ಹೆಚ್ಚು ನೀರು ಬೇಕಾದ ಕ್ಷಣದಲ್ಲಿಯೇ ಅದರ ಗಂಟಲು ಕಟ್ಟುತ್ತಿತ್ತು. ನಿಂತ ಗಾಡಿಯ ಬಾನೆಟ್ ತೆರೆದು ಎಷ್ಟು ಹೊತ್ತು ನೋಡಿದರೂ ಪೈಪು ದುಂಡಗೇ ಕಾಣುತ್ತಿತ್ತು, ಹಾಗಾಗಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದಕ್ಕೆ ಕಾರಣ ಪೈಪಿನ ಮೆದುತನ ಮಾತ್ರವೇ ಅಲ್ಲ ಎಂದು ಅವರು ಮುಚ್ಚಳವನ್ನು ಕೈಗೆ ಕೊಟ್ಟರು. ಹಳೆಯ ಜೀಪಿನದೇ ಮುಚ್ಚಳ, ಮೇಲೆ 7 ಎಂದು ಒತ್ತಿದ ಗುರುತು. ಏಳು ಪಿಎಸ್‌ಐ (ಚದರ ಇಂಚಿಗೆ ಏಳು ಪೌಂಡ್) ಒತ್ತಡಕ್ಕೆ ಅದು ತೆರೆದುಕೊಳ್ಳಬೇಕು. ಕೈಪಂಪಿಗೆ ಜೋಡಿಸಿ ನೋಡಿದರೆ ಮೂರಕ್ಕೇ ಬಿಟ್ಟುಕೊಡುತ್ತಿತ್ತು. ವ್ಯವಸ್ಥೆಯೊಳಗೆ ಒತ್ತಡವಿದ್ದರೆ ಪೈಪು ಒಳಗಿನಿಂದ ಉಬ್ಬಿ ನಿಲ್ಲುತ್ತದೆ, ಜೊತೆಗೆ ನೀರು ಕುದಿಯುವ ಮಟ್ಟವೂ ಮೇಲೇರುತ್ತದೆ. ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿದರೆ ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ 97ಕ್ಕೇ ಕುದಿಯುತ್ತದೆ. 13 ಪಿಎಸ್‌ಐ ಮುಚ್ಚಳ ಗಟ್ಟಿಯಾಗಿ ಕೂತಿದ್ದರೆ ಬರೀ ನೀರೂ 115 ಡಿಗ್ರಿ ದಾಟುವವರೆಗೆ ಕುದಿಯದು. ಮುನ್ನೂರೈವತ್ತು ರೂಪಾಯಿಯ ಒಂದು ತಗಡಿನ ಬಿಲ್ಲೆಯಲ್ಲಿ ಇಷ್ಟು ವ್ಯತ್ಯಾಸವಿದೆ ಎಂದರೆ, ಅದನ್ನು ಬಿಟ್ಟು ಪಂಪು ಬದಲಿಸಿದ ಬುದ್ಧಿವಂತಿಕೆಗೆ ಏನೆನ್ನಬೇಕು!

ಮಧ್ಯಾಹ್ನದ ಊಟದ ಮೇಲೆ ಗಾಳಿಯ ಸರದಿ. ಟೀ ಅಂಗಡಿಯಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತರಿಸಿ ರೇಡಿಯೇಟರಿನ ಮುಂಭಾಗಕ್ಕೆ ಹಿಡಿದು, ಎಂಜಿನ್ ಸ್ವಲ್ಪ ಏರಿಸಲು ಹೇಳಿದರು. ಫ್ಯಾನ್ ಸರಿಯಾಗಿ ಎಳೆಯುತ್ತಿದ್ದರೆ ಹಾಳೆ ಕೋರಿಗೆ ಅಂಟಿಕೊಂಡು ನಿಲ್ಲಬೇಕು. ನಡುವೆ ಹಿಡಿದರೆ ಅರೆಮನಸ್ಸಿನಿಂದ ನಿಂತಿತು, ಮೇಲಿನ ಮೂಲೆಯಲ್ಲಿ ಬಿಟ್ಟರೆ ಜಾರಿ ನೆಲಕ್ಕೆ ಬಿತ್ತು. ಎಂಜಿನ್ನನ್ನು ಹಿಂದಕ್ಕೆ ಸರಿಸಿದ್ದರಿಂದ ಫ್ಯಾನಿಗೂ ಕೋರಿಗೂ ನಡುವೆ ನಾಲ್ಕೂವರೆ ಇಂಚು ಅಂತರ ಬಿದ್ದಿತ್ತು, ತಗ್ಗಿಸಿದ್ದರಿಂದ ಫ್ಯಾನಿನ ನಡುಬಿಂದು ಕೋರಿನ ನಡುವಿಗಿಂತ ಕೆಳಗಿತ್ತು. ಹಳೆಯ ಫ್ಯಾನಿನ ಸುತ್ತಲಿದ್ದ ತಗಡಿನ ಹೊದಿಕೆ, ಅಂದರೆ ಶ್ರೌಡ್, ಹೊಸ ಜಾಗಕ್ಕೆ ಹೊಂದಲಿಲ್ಲವೆಂದು ಗುಜರಿಗೆ ಹೋಗಿತ್ತು. ಹೊದಿಕೆಯಿಲ್ಲದ ಫ್ಯಾನ್ ತನ್ನ ಸುತ್ತಲಿನ ಬಿಸಿಗಾಳಿಯನ್ನೇ ತಿರುಗಿಸುತ್ತಾ ಕೂರುತ್ತದೆ. ಕೋರಿನ ಮೂಲಕ ಎಳೆಯುವ ಕಷ್ಟ ಅದಕ್ಕೇಕೆ? ಮುಂದೆ ಕಟ್ಟಿದ್ದ ವಿದ್ಯುತ್ ಫ್ಯಾನಂತೂ ಓಡುವಾಗ ಬರುವ ಗಾಳಿಗೇ ಅಡ್ಡ ನಿಂತಿತ್ತು. ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಕೋಳಿಗೂಡಿಗೆ ಹಾಕಿಕೊಳ್ಳಿ" ಎಂದರು. ಅದು ಈಗ ನಮ್ಮ ಒಣಮೆಣಸಿನ ಕೋಣೆಯಲ್ಲಿದೆ.

ಹೊಸ ರೇಡಿಯೇಟರ್ ತರಿಸಲೇ ಎಂದು ನಾನೇ ಕೇಳಿದೆ. ಬೇಕಿದ್ದರೆ ಅವರೇ ತರಿಸಿ ಲಾಭ ಮಾಡಿಕೊಳ್ಳಬಹುದಿತ್ತು. ಬೇಡ ಎಂದರು. ಎಂಜಿನ್ ದೊಡ್ಡದಾಯಿತು ಎಂದ ಮಾತ್ರಕ್ಕೆ ನೀರಿಗೆ ಇಳಿಯುವ ಶಾಖವೂ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು ಅವರ ವಾದ, ಅದು ಸರಿಯಾದ ವಾದವೂ ಹೌದು. ಹಳೆಯ ಎಕ್ಸ್‌ಡಿಪಿಯಲ್ಲಿ ಡೀಸೆಲ್ ಉರಿಯತೊಡಗುವುದು ಹೆಡ್ಡಿನೊಳಗಿನ ಪುಟ್ಟ ಕೋಣೆಯೊಂದರಲ್ಲಿ. ಅಲ್ಲಿಂದ ಬೆಂಕಿ ಕಿರಿದಾದ ದಾರಿಯಲ್ಲಿ ನುಗ್ಗಿ ಬರುವಾಗ ಸುತ್ತಲಿನ ಲೋಹಕ್ಕೆ, ಆ ಮೂಲಕ ನೀರಿಗೆ, ಬಹಳಷ್ಟು ಶಾಖ ಸೋರಿಹೋಗುತ್ತದೆ. ಎಂಡಿಐನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಬಟ್ಟಲಿಗೇ ಬೀಳುತ್ತದೆ, ಸೋರುವ ಶಾಖ ಕಡಿಮೆ. ಹಾಗಾಗಿ ಹಳೆಯ ಎಂಜಿನ್ನನ್ನು ಮೂವತ್ತು ವರ್ಷ ತಣ್ಣಗಿಟ್ಟ ಹಿತ್ತಾಳೆ-ತಾಮ್ರದ ರೇಡಿಯೇಟರಿಗೆ ಇದೂ ಹೊರೆಯಲ್ಲ, ಅದರ ನಾಳಗಳು ತೆರೆದಿದ್ದರೆ. ತೆರೆದಿವೆಯೇ ಎಂಬುದನ್ನೂ ಅವರು ಅದೇ ಥರ್ಮಾಮೀಟರಿನಿಂದ ನೋಡಿದರು: ಬಿಸಿಯಾದ ಕೋರಿನ ಮೇಲೆ ಸಾಲುಸಾಲಾಗಿ ಕೆಂಪು ಚುಕ್ಕೆ ಓಡಿಸುತ್ತಾ ಹೋದಾಗ ಬಲಗಡೆ ಕೆಳಮೂಲೆಯಲ್ಲಿ ಅಂಗೈಯಗಲದ ಜಾಗ ಸುತ್ತಲಿಗಿಂತ ಇಪ್ಪತ್ತು ಡಿಗ್ರಿ ತಣ್ಣಗಿತ್ತು. ನೀರು ಹರಿಯದ ಜಾಗ ತಣ್ಣಗೇ ಇರುತ್ತದೆ. ಎರಡನೆಯ ದಿನ ಬೆಸುಗೆ ಬಿಡಿಸಿ ಮೇಲಿನ, ಕೆಳಗಿನ ತೊಟ್ಟಿಗಳನ್ನು ಕಳಚಿ, ಚಪ್ಪಟೆ ಸರಳಿನಿಂದ ಒಂದೊಂದೇ ನಾಳವನ್ನು ತಿವಿದು ತೆಗೆದರು. ತುಕ್ಕುಬಣ್ಣದ ಕೆಸರು ಒಂದು ಲೋಟದಷ್ಟು ಬಂತು. ಬೋರ್‌ವೆಲ್ಲಿನ ಗಡಸು ನೀರು ಸುರಿದ ಫಲ ಎಂದು ನನ್ನ ಮುಖ ನೋಡಿದರು. ಘಾಟಿಯಲ್ಲಿ ನಿಂತಾಗ ಕೈಗೆ ಸಿಕ್ಕ ನೀರು ಹಾಕಿದವನು ನಾನೇ ಆದ್ದರಿಂದ ಸುಮ್ಮನಿದ್ದೆ. ಮತ್ತೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ 15 ಪಿಎಸ್‌ಐ ಗಾಳಿ ತುಂಬಿ, ಗುಳ್ಳೆಯೇಳದ್ದನ್ನು ನೋಡಿದ ಮೇಲಷ್ಟೇ 13ರ ಮುಚ್ಚಳಕ್ಕೆ ಒಪ್ಪಿದರು. ಈ ಪರೀಕ್ಷೆಯಿಲ್ಲದೆ ಹಳೆಯ ರೇಡಿಯೇಟರಿಗೆ ಹೆಚ್ಚಿನ ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆ ಸೀಳುವ ಅಪಾಯವಿದೆ.

ಥರ್ಮೋಸ್ಟ್ಯಾಟನ್ನು ಮರಳಿ ಹಾಕಿದರು. ಅದನ್ನು ಕಿತ್ತರೆ ಗಾಡಿ ತಣ್ಣಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಬೈಪಾಸ್ ದಾರಿಯನ್ನು ಥರ್ಮೋಸ್ಟ್ಯಾಟೇ ಮುಚ್ಚುವಂಥ ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಒಂದಷ್ಟು ಬಿಸಿನೀರು ರೇಡಿಯೇಟರಿನ ಕಡೆ ತಲೆಯೇ ಹಾಕದೆ ಎಂಜಿನ್ನಿಗೆ ಮರಳುತ್ತದೆ. ಉಳಿದ ಎಂಜಿನ್ನುಗಳಲ್ಲಿ ಚಳಿಗಾಲದ ಬೆಳಿಗ್ಗೆ ಎಷ್ಟು ದೂರ ಓಡಿಸಿದರೂ ಹದಕ್ಕೆ ಬಿಸಿಯಾಗದೆ ಹೊಗೆ, ಸವೆತ ಎರಡೂ ಹೆಚ್ಚುತ್ತವೆ. ಹೊಸದನ್ನು ಕೂರಿಸುವ ಮೊದಲು ಟೀ ಅಂಗಡಿಯ ಒಲೆಯ ಮೇಲೆ ಪಾತ್ರೆಯಿಟ್ಟು, ದಾರ ಕಟ್ಟಿದ ಥರ್ಮೋಸ್ಟ್ಯಾಟನ್ನು ಅಡುಗೆ ಥರ್ಮಾಮೀಟರಿನ ಜೊತೆ ನೀರಿನಲ್ಲಿ ತೂಗಿಬಿಟ್ಟರು. ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿರುವಾಗ, 82ಕ್ಕೆ ಬಂದೊಡನೆ, ಹಿತ್ತಾಳೆಯ ಬಾಯಿ ಕೂದಲೆಳೆಯಷ್ಟು ಬಿಚ್ಚಿತು. 90 ದಾಟುವ ಹೊತ್ತಿಗೆ ಬೆರಳು ತೂರುವಷ್ಟು ತೆರೆದುಕೊಂಡಿತು. ಟೀ ಕುಡಿಯಲು ಬಂದಿದ್ದ ಇಬ್ಬರು ಲಾರಿ ಚಾಲಕರು ಲೋಟ ಕೈಯಲ್ಲೇ ಹಿಡಿದು ನಿಂತು ನೋಡಿದರು.

ಉಳಿದದ್ದು ಕೈಕೆಲಸ. ದಪ್ಪ ರಬ್ಬರ್ ಬುಷ್ ಕೊಟ್ಟು ರೇಡಿಯೇಟರನ್ನು ಒಂದು ಇಂಚು ಎತ್ತರಿಸಿದರು, ಥರ್ಮೋಸ್ಟ್ಯಾಟ್ ಮನೆಯ ನೆತ್ತಿಗೆ ಗಾಳಿ ಬಿಡಲು ಸಣ್ಣ ಹಿತ್ತಾಳೆ ನಲ್ಲಿ ಕೂರಿಸಿದರು, ಕೆಳಗಿನ ಪೈಪಿಗೆ ಒಳಸ್ಪ್ರಿಂಗ್ ಇರುವ ಅಚ್ಚಿನ ಪೈಪು ಹುಡುಕಿ ತಂದರು. ತಗಡು ಬಗ್ಗಿಸಿ ಹೊದಿಕೆ ಮಾಡಿ, ಫ್ಯಾನ್ ಅದರೊಳಗೆ ಅರ್ಧ ಮುಳುಗಿ ಅರ್ಧ ಹೊರಗಿರುವಂತೆ, ಸುತ್ತ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಟ್ಟು ಕೂರಿಸಿದರು. ಕ್ಯಾಲೆಂಡರ್ ಹಾಳೆ ಈ ಸಲ ನಾಲ್ಕು ಮೂಲೆಯಲ್ಲೂ ಅಂಟಿಕೊಂಡಿತು. ಕೂಲೆಂಟ್ ತುಂಬುವಾಗ ಗಾಡಿಯ ಮುಂಗಾಲುಗಳನ್ನು ಏರಿನ ಮೇಲೆ ನಿಲ್ಲಿಸಿ, ನಲ್ಲಿಯಿಂದ ಗಾಳಿ ನಿಂತು ನೀರಿನ ಎಳೆ ಬರುವವರೆಗೆ ಆತುರಪಡದೆ ಸುರಿದರು. ಸಾಂದ್ರವಾದ ಕೂಲೆಂಟನ್ನು ಹಾಗೆಯೇ ಹಾಕಿದರೆ ಇನ್ನೂ ತಂಪು ಎಂದುಕೊಳ್ಳುವವರಿದ್ದಾರೆ. ಶಾಖ ಹೊರುವುದರಲ್ಲಿ ನೀರೇ ಮೇಲು, ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು ಮತ್ತು ಕುದಿಯುವ ಮಟ್ಟ ಏರಿಸಲು, ಆದ್ದರಿಂದ ಡಿಸ್ಟಿಲ್ಡ್ ನೀರಿನ ಜೊತೆ ಬೆರೆಸಿಯೇ ಹಾಕಬೇಕು. ನಾಯಿ ಸಾಕಿದವರಿಗೊಂದು ಮಾತು: ಈ ದ್ರವ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ಅವುಗಳಿಗೆ ವಿಷ. ಚೆಲ್ಲಿದ್ದನ್ನು ಮೇಸ್ತ್ರಿ ಮರದಪುಡಿ ಹಾಕಿ ಬಳಿಸಿದರು.

ಐದನೆಯ ದಿನ ಬೇಕೆಂದೇ ಗುಂಡ್ಯದವರೆಗೆ ಇಳಿದು, ಹಿಂದೆ ಆರು ಮೂಟೆ ಗೊಬ್ಬರ ಹೇರಿಕೊಂಡು, ಮಧ್ಯಾಹ್ನದ ಎರಡು ಗಂಟೆಯ ಬಿಸಿಲಿನಲ್ಲಿ ಶಿರಾಡಿ ಹತ್ತಿದೆ. ಮೀಟರ್ 86ರಲ್ಲಿತ್ತು. ಮಾರನಹಳ್ಳಿ ಬರುವ ಹೊತ್ತಿಗೆ 91. ಆಮೇಲೆ ಒಂದು ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡು, ಎರಡನೇ ಗೇರಿನಲ್ಲಿ, ಕೆಲವೊಮ್ಮೆ ಮೊದಲನೇ ಗೇರಿನಲ್ಲಿ ತೆವಳುತ್ತಾ ಹೋಗುವಾಗ 97ಕ್ಕೆ ಏರಿ ಅಲ್ಲಿಯೇ ನಿಂತಿತು. ಮೊದಲಾಗಿದ್ದರೆ ಅಷ್ಟರಲ್ಲಿ ಎರಡು ಸಲ ನಿಲ್ಲಿಸಿರುತ್ತಿದ್ದೆ. ದೋಣಿಗಾಲ್‌ನಲ್ಲಿ ಗಾಡಿ ನಿಲ್ಲಿಸಿದರೂ ಎಂಜಿನ್ ಆರಿಸದೆ ಎರಡು ನಿಮಿಷ ಹಾಗೆಯೇ ಓಡಲು ಬಿಟ್ಟೆ. ಬಿಸಿಯಾದ ಎಂಜಿನ್ನನ್ನು ತಟ್ಟನೆ ಆರಿಸಿದರೆ ಪಂಪು, ಫ್ಯಾನು ಎರಡೂ ನಿಂತು, ಹೆಡ್ಡಿನ ಶಾಖವೆಲ್ಲ ನಿಂತ ನೀರಿಗೇ ಇಳಿದು ಕುದಿಯುತ್ತದೆ ಎಂಬುದು ಅವರಿಂದಲೇ ಕಲಿತದ್ದು. ಮುಳ್ಳು 88ಕ್ಕೆ ಇಳಿಯಿತು. ಅಲ್ಲಿಯ ಅಂಗಡಿಯಲ್ಲಿ ಒಂದು ಎಳನೀರು ಕುಡಿದು ಬಂದೆ.

ಬಿಲ್ಲು ಹನ್ನೊಂದು ಸಾವಿರ. ರೇಡಿಯೇಟರ್ ಬಿಚ್ಚಿ ಶುದ್ಧ ಮಾಡಿದ್ದಕ್ಕೆ 2,200, ತಗಡಿನ ಹೊದಿಕೆಗೆ 1,800, ಕೂಲೆಂಟಿಗೆ 1,400, ಮೀಟರಿಗೆ 1,200, ಪೈಪಿಗೆ 950, ಥರ್ಮೋಸ್ಟ್ಯಾಟಿಗೆ 600, ಮುಚ್ಚಳಕ್ಕೆ 350, ಕೂಲಿ 2,500. ನಲ್ಲಿಯನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಕೊರತೆಗಳೂ ಇವೆ. ಎರಡು ದಿನ ಎಂದವರು ನಾಲ್ಕು ದಿನ ತೆಗೆದುಕೊಂಡರು, ನಡುವೆ ಒಂದು ಇಡೀ ದಿನ ಯಾರದೋ ಟಿಪ್ಪರ್ ಬಂತೆಂದು ನನ್ನ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಫೋನ್ ಎತ್ತುವ ಅಭ್ಯಾಸ ಅವರಿಗಿಲ್ಲ. ಬಿಲ್ಲನ್ನು ನಾನು ಒತ್ತಾಯಿಸಿದ ಮೇಲೆ ಸಿಗರೇಟ್ ಪ್ಯಾಕಿನ ಒಳಹಾಳೆಯ ಮೇಲೆ ಬರೆದುಕೊಟ್ಟರು. ಹೊದಿಕೆಯ ತಗಡಿನ ಅಂಚನ್ನು ಮಡಿಸದೆ ಹಾಗೆಯೇ ಬಿಟ್ಟಿದ್ದರಿಂದ ಬೆಲ್ಟ್ ನೋಡಲು ಕೈಹಾಕಿ ಬೆರಳು ಕೊಯ್ದುಕೊಂಡೆ. ಆಮೇಲೆ ಹಳೆಯ ಪೈಪಿನ ಚೂರನ್ನು ಸೀಳಿ ಅಂಚಿಗೆ ನಾನೇ ತೊಡಿಸಿದೆ. ಬಣ್ಣವನ್ನೂ ಬಳಿಯಲಿಲ್ಲ, ಈ ಮಳೆಗಾಲದಲ್ಲಿ ಅದು ತುಕ್ಕು ಹಿಡಿಯತೊಡಗಿದೆ. ಇಷ್ಟಕ್ಕೆಲ್ಲ ಐದರಲ್ಲಿ ಅರ್ಧ ನಕ್ಷತ್ರ ಕಳೆದು ನಾಲ್ಕೂವರೆ ಕೊಡುತ್ತೇನೆ.

ಎಂಜಿನ್ ಬದಲಿಸುವ ಯೋಚನೆಯಲ್ಲಿ ಇರುವವರಿಗೆ ಕಾಗದಪತ್ರದ ಕುರಿತು ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗಳಿಗೆ ಸಂಬಂಧಿಸಿದ್ದು. ಆರ್‌ಟಿಒ ಒಪ್ಪಿಗೆ ಪಡೆದು ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ದಾಖಲಿಸಿಕೊಳ್ಳದೆ ರಸ್ತೆಗಿಳಿಸಿದರೆ ವಿಮೆಯ ಹೊತ್ತಿಗೆ ಪೇಚಾಟ ತಪ್ಪಿದ್ದಲ್ಲ. ಎಂಜಿನ್ ಮಾರಿದವರಿಂದ ರಸೀದಿ ಕೇಳಿ ಪಡೆಯಿರಿ. ಇದು ಈ ಅಂಗಡಿಯ ಕೆಲಸವಲ್ಲ, ಅವರನ್ನು ಕೇಳಿ ಪ್ರಯೋಜನವೂ ಇಲ್ಲ.

ಅಂಗಡಿಗೆ ಹೋಗುವವರು ಗಾಡಿಯನ್ನು ತೊಳೆಸದೆ ತೆಗೆದುಕೊಂಡು ಹೋಗಿ. ನೀರು ಸೋರಿ ಒಣಗಿದ ಬಿಳಿ, ಹಸಿರು ಗುರುತುಗಳನ್ನು ಅವರು ಮೊದಲು ಹುಡುಕುತ್ತಾರೆ. ತಣ್ಣಗಿರುವಾಗಲೇ ಎಂಜಿನ್ ನೋಡಬೇಕೆನ್ನುವುದರಿಂದ ದೂರದವರು ಹಿಂದಿನ ರಾತ್ರಿಯೇ ಹಾಸನದಲ್ಲಿ ಉಳಿಯುವುದು ಲೇಸು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಮಂಗಳವಾರ ರಜೆ.